ಪ್ರತಿಜ್ಞೆಯಲ್ಲಿ ದೇವರ ಹೆಸರು ಏಕಿಲ್ಲ?

ಆಂಧ್ರದ ಗಡಿಗೆ ಅಂಟಿದ ನಮ್ಮ ಗೌರಿಬಿದನೂರು, ಬಾಗೇಪಲ್ಲಿ ಕಡೆಯ ಸರ್ಕಾರಿ ಶಾಲೆಯೊಂದರ ಬೆಳಗಿನ ಸಭೆಗೆ ಹೋಗಿ ನಿಂತರೆ ಪ್ರಾರ್ಥನೆ, ನಾಡಗೀತೆ, ಬಲಗೈ ಮುಂದೆ ಚಾಚಿ ಹೇಳುವ ‘ಭಾರತ ನನ್ನ ದೇಶ’, 2023ರಿಂದೀಚೆಗೆ ಸಂವಿಧಾನದ ಪೀಠಿಕೆ, ಆಮೇಲೆ ರಾಷ್ಟ್ರಗೀತೆ ಎಲ್ಲವೂ ಒಂದರ ಹಿಂದೊಂದು ಕಿವಿಗೆ ಬೀಳುತ್ತವೆ. ಪ್ರಾರ್ಥನೆಯಲ್ಲಿ ದೇವರಿದ್ದಾನೆ. ಪ್ರತಿಜ್ಞೆಯಲ್ಲಿ ಇಲ್ಲ, ಪೀಠಿಕೆಯಲ್ಲೂ ಇಲ್ಲ. ‘ದೇವರ ಹೆಸರೆತ್ತದೆ ಮಾಡಿದ್ದು ಅದೆಂಥ ಪ್ರತಿಜ್ಞೆ’ ಎಂದು ಕೇಳುವ ಹಿರಿಯರು ನಮ್ಮಲ್ಲಿದ್ದಾರೆ. ಗದ್ದೆ ಬದುವಿನ ಜಗಳವನ್ನೂ ದೇವಸ್ಥಾನದ ಮೆಟ್ಟಿಲ ಮೇಲೆ ಆಣೆ ಇಟ್ಟು ಮುಗಿಸುವ ಸೀಮೆಯಲ್ಲಿ ಅದು ಸಹಜವಾದ ಪ್ರಶ್ನೆ. ಆದರೆ ಪೀಠಿಕೆಯಲ್ಲಿ ದೇವರ ಹೆಸರಿಲ್ಲದಿರುವುದು ಮರೆವಿನಿಂದ ಆದದ್ದಲ್ಲ. ಅದರ ಬಗ್ಗೆ ವಾದ ನಡೆದಿದೆ, ಮತವೂ ಬಿದ್ದಿದೆ.

ಮೊದಲು ಪ್ರತಿಜ್ಞೆಯ ವಿಷಯ. ಅದು ಹುಟ್ಟಿದ್ದು ನಮ್ಮ ಗಡಿ ತಾಲ್ಲೂಕುಗಳ ಎಷ್ಟೋ ಜನರ ಮನೆಮಾತಾದ ತೆಲುಗಿನಲ್ಲಿ. ನಲ್ಗೊಂಡ ಜಿಲ್ಲೆಯ ಅನ್ನೇಪರ್ತಿಯ ಪೈಡಿಮರ್ರಿ ವೆಂಕಟ ಸುಬ್ಬರಾವ್ ಎಂಬ ಲೇಖಕರು ವಿಶಾಖಪಟ್ಟಣದಲ್ಲಿ ಖಜಾನೆ ಅಧಿಕಾರಿಯಾಗಿದ್ದಾಗ, 1962ರಲ್ಲಿ, ಅದನ್ನು ಬರೆದರು. ಅದು ಚೀನಾ ಯುದ್ಧದ ವರ್ಷ. ಮರುವರ್ಷ ವಿಶಾಖಪಟ್ಟಣದ ಶಾಲೆಯೊಂದರಲ್ಲಿ ಮಕ್ಕಳು ಹೇಳಿದರು. 1964ರ ಅಕ್ಟೋಬರ್‌ನಲ್ಲಿ ಅಂದಿನ ಕೇಂದ್ರ ಶಿಕ್ಷಣ ಸಚಿವ ಎಂ.ಸಿ. ಛಾಗ್ಲಾ ಅಧ್ಯಕ್ಷತೆಯಲ್ಲಿ ಕೇಂದ್ರೀಯ ಶಿಕ್ಷಣ ಸಲಹಾ ಮಂಡಳಿ ಸಭೆ ಸೇರಿದ್ದು ನಮ್ಮ ಬೆಂಗಳೂರಿನಲ್ಲೇ. ಅಲ್ಲಿನ ನಿರ್ಧಾರದಂತೆ 1965ರ ಜನವರಿ 26ರಿಂದ ದೇಶದ ಶಾಲೆಗಳಲ್ಲೆಲ್ಲ ಅದನ್ನು ಹೇಳಿಸತೊಡಗಿದರು. ಅದರಲ್ಲಿ ತಂದೆತಾಯಿ ಇದ್ದಾರೆ, ಗುರುಹಿರಿಯರಿದ್ದಾರೆ, ದೇಶಬಾಂಧವರಿದ್ದಾರೆ. ಯಾವ ಮನೆಯ ಮಗುವೂ ತಡವರಿಸದೆ ಹೇಳಬಹುದಾದ ಮಾತುಗಳು. ಇಷ್ಟು ಮಕ್ಕಳ ನಾಲಿಗೆಯ ಮೇಲೆ ದಿನವೂ ಓಡಾಡುವ ಸಾಲುಗಳನ್ನು ಬರೆದವರ ಹೆಸರು ನಮ್ಮ ಮೇಷ್ಟ್ರುಗಳಲ್ಲೇ ಬಹಳ ಮಂದಿಗೆ ಗೊತ್ತಿಲ್ಲದಿರುವುದು ನನಗೆ ನೋವಿನ ಸಂಗತಿ.

ಇದಕ್ಕಿಂತ ಎಪ್ಪತ್ತು ವರ್ಷ ಹಳೆಯದು ಅಮೆರಿಕದ ಪ್ರತಿಜ್ಞೆ. ಫ್ರಾನ್ಸಿಸ್ ಬೆಲ್ಲಮಿ ಅದನ್ನು 1892ರಲ್ಲಿ ಮಕ್ಕಳ ಪತ್ರಿಕೆಯೊಂದಕ್ಕಾಗಿ ಬರೆದರು. ಅವರು ಬ್ಯಾಪ್ಟಿಸ್ಟ್ ಪಾದ್ರಿ. ಆದರೂ ಅವರು ಬರೆದ ಸಾಲುಗಳಲ್ಲಿ ದೇವರ ಮಾತಿರಲಿಲ್ಲ. ಬಾವುಟ, ಗಣರಾಜ್ಯ, ಎಲ್ಲರಿಗೂ ಸ್ವಾತಂತ್ರ್ಯ ಮತ್ತು ನ್ಯಾಯ, ಅಷ್ಟೇ. ‘ದೇವರ ಅಧೀನದಲ್ಲಿ’ ಎಂಬ ಅರ್ಥದ ಪದಗಳು ಸೇರಿದ್ದು ಅರವತ್ತೆರಡು ವರ್ಷಗಳ ಮೇಲೆ. ಸೋವಿಯತ್ ಒಕ್ಕೂಟದ ಜೊತೆ ಶೀತಲ ಸಮರ ನಡೆಯುತ್ತಿದ್ದ ಕಾಲ ಅದು. ‘ನೈಟ್ಸ್ ಆಫ್ ಕೊಲಂಬಸ್’ ಎಂಬ ಕ್ಯಾಥೊಲಿಕ್ ಸಂಘ ತನ್ನ ಸಭೆಗಳಲ್ಲಿ ಆ ಪದಗಳನ್ನು ಆಗಲೇ ಬಳಸುತ್ತಿತ್ತು. 1954ರ ಫೆಬ್ರವರಿ 7ರಂದು ವಾಷಿಂಗ್ಟನ್ನಿನ ಚರ್ಚೊಂದರಲ್ಲಿ ಪಾದ್ರಿ ಜಾರ್ಜ್ ಡಾಕರ್ಟಿ, ಈಗಿರುವ ಪ್ರತಿಜ್ಞೆಯನ್ನು ಮಾಸ್ಕೋದ ಮಕ್ಕಳೂ ತಮ್ಮ ಬಾವುಟದ ಮುಂದೆ ನಿಂತು ಹೇಳಬಹುದಲ್ಲ ಎಂದು ಉಪದೇಶ ಮಾಡಿದರು. ಅಧ್ಯಕ್ಷ ಐಸೆನ್‌ಹೋವರ್ ಅಲ್ಲೇ ಕೂತು ಕೇಳುತ್ತಿದ್ದರು. ಅದೇ ಜೂನ್ 14ಕ್ಕೆ ಕಾನೂನಿಗೆ ಸಹಿ ಬಿತ್ತು. ಆ ಪದಗಳನ್ನು ತಂದದ್ದು ಭಕ್ತಿಗಿಂತ ಹೆಚ್ಚಾಗಿ ಶತ್ರುವಿನ ಭಯ ಎಂದೇ ನನ್ನ ತಿಳಿವಳಿಕೆ.

ಸರಿಯಾಗಿ ಹನ್ನೊಂದು ವರ್ಷದ ಹಿಂದೆ, 1943ರ ಜೂನ್ 14ರಂದು, ಅದೇ ದೇಶದ ಸುಪ್ರೀಂ ಕೋರ್ಟ್ ಬಾರ್ನೆಟ್ ಪ್ರಕರಣದಲ್ಲಿ ಬೇರೆಯದೇ ಮಾತು ಹೇಳಿತ್ತು. ಯೆಹೋವನ ಸಾಕ್ಷಿಗಳು ಎಂಬ ಪಂಥದ ಮಕ್ಕಳು ಬಾವುಟಕ್ಕೆ ವಂದಿಸಲು ಒಪ್ಪಿರಲಿಲ್ಲ. 1940ರಲ್ಲಿ ಕೋರ್ಟ್ ಶಾಲೆಗಳ ಪರ ನಿಂತಿತು. ಆ ತೀರ್ಪಿನ ಬೆನ್ನಿಗೇ ಆ ಪಂಥದವರ ಮೇಲೆ ಊರೂರಲ್ಲಿ ಹಲ್ಲೆಗಳಾದವು. ಮೂರೇ ವರ್ಷದಲ್ಲಿ ಕೋರ್ಟ್ ತನ್ನ ತೀರ್ಪನ್ನು ತಾನೇ ತಿರುವಿ ಹಾಕಿ, ವಂದಿಸು ಎಂದು ಮಗುವನ್ನು ಬಲವಂತ ಮಾಡುವಂತಿಲ್ಲ ಎಂದಿತು. ದೇವರ ಪದಗಳ ಪ್ರಶ್ನೆ 2004ರಲ್ಲಿ ಅದೇ ಕೋರ್ಟಿನ ಮುಂದೆ ಬಂದಾಗ, ದಾವೆ ಹೂಡಿದ ತಂದೆಗೆ ಆ ಹಕ್ಕಿಲ್ಲ ಎಂಬ ಕಾರಣದ ಮೇಲೆ ಕೇಸು ಮುಗಿಯಿತು. ಪದಗಳು ಹಾಗೇ ಉಳಿದಿವೆ.

ನಮ್ಮಲ್ಲಿ ಇದೇ ಪ್ರಶ್ನೆ ಸಂವಿಧಾನ ಸಭೆಯ ಮುಂದೆ ಬಂದದ್ದು 1949ರ ಅಕ್ಟೋಬರ್ 17ರಂದು. ತಂದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಪೀಠಿಕೆ ‘ದೇವರ ಹೆಸರಿನಲ್ಲಿ, ಭಾರತದ ಜನತೆಯಾದ ನಾವು’ ಎಂದು ಶುರುವಾಗಲಿ ಎಂಬುದು ಅವರ ತಿದ್ದುಪಡಿ. ಶಿಬ್ಬನ್ ಲಾಲ್ ಸಕ್ಸೇನಾ ದೇವರ ಜೊತೆಗೆ ಗಾಂಧೀಜಿ ಹೆಸರೂ ಇರಲಿ ಎಂದರು. ಗೋವಿಂದ ಮಾಳವೀಯ ‘ಪರಮೇಶ್ವರ’ ಎಂಬ ಪದ ಸೂಚಿಸಿದರು. ದೇವರು ಎಂದರೆ ಸಾಲದು, ದೇವಿಯೂ ಬೇಕು ಎಂದರು ಅಸ್ಸಾಮಿನ ರೋಹಿಣಿ ಕುಮಾರ್ ಚೌಧುರಿ. ಅವರದು ಕಾಮಾಖ್ಯೆಯ ನಾಡು. ಒಂದು ಹೆಸರು ಸೇರಿಸಹೊರಟ ಕೂಡಲೇ ಯಾವ ಹೆಸರು ಎಂಬ ಪ್ರಶ್ನೆ ಎದ್ದದ್ದು ಹೀಗೆ.

ವಿರೋಧಿಸಿದವರ ಮಾತುಗಳಲ್ಲಿ ದೇವರ ನಿಂದೆ ಇರಲಿಲ್ಲ. ಇದು ನಂಬಿಕೆಯ ವಿಷಯದಲ್ಲಿ ಬಲವಂತವಾಗುವುದಿಲ್ಲವೇ ಎಂದು ಪಟ್ಟಂ ಥಾಣು ಪಿಳ್ಳೆ ಕೇಳಿದರು. ಹೃದಯನಾಥ ಕುಂಜ್ರು ಅವರಿಗೆ ಇಷ್ಟು ಪವಿತ್ರವಾದ ಸಂಗತಿ ಚರ್ಚೆಯ ಅಖಾಡಕ್ಕೆ ಇಳಿದದ್ದೇ ದುಃಖ ತಂದಿತ್ತು. ಎಲ್ಲರಿಗೂ ನಂಬಿಕೆಯ ಸ್ವಾತಂತ್ರ್ಯ ಕೊಡುವ ಪೀಠಿಕೆಯಲ್ಲೇ ನಮ್ಮ ನಂಬಿಕೆಯನ್ನು ಇತರರ ಮೇಲೆ ಹೇರುವುದು ಆ ಪೀಠಿಕೆಗೇ ವಿರುದ್ಧ ಎಂದರು. ದೇವರ ಮೇಲೆ ಮತ ಹಾಕುವ ಸಂಕಟಕ್ಕೆ ನಮ್ಮನ್ನು ದೂಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕಾಮತರನ್ನು ಬೇಡಿಕೊಂಡರು. ಕಾಮತ್ ಬಿಡಲಿಲ್ಲ. ಮತಕ್ಕೆ ಹಾಕಿದಾಗ ಪರವಾಗಿ 41, ವಿರೋಧವಾಗಿ 68. ನಮ್ಮ ಚರಿತ್ರೆಯಲ್ಲಿ ಇದು ಕರಾಳ ದಿನ ಎಂದು ಕಾಮತ್ ನೊಂದು ನುಡಿದರು. ಅವರ ಭಕ್ತಿ ಪ್ರಾಮಾಣಿಕವಾದದ್ದು. ಅದನ್ನು ನಾನು ಗೌರವಿಸುತ್ತೇನೆ. ಆದರೂ ಆ 68 ಮಂದಿ ದೇಶಕ್ಕೂ ದೇವರಿಗೂ ಒಳ್ಳೆಯದನ್ನೇ ಮಾಡಿದರು ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಸಂವಿಧಾನ ದೇವರಿಗೆ ಬಾಗಿಲು ಹಾಕಿಲ್ಲ. ರಾಷ್ಟ್ರಪತಿ, ಮಂತ್ರಿ, ಶಾಸಕರ ಪ್ರಮಾಣವಚನದಲ್ಲಿ ಎರಡು ದಾರಿಗಳಿವೆ: ‘ದೇವರ ಹೆಸರಿನಲ್ಲಿ’ ಎನ್ನಬಹುದು, ಇಲ್ಲವೇ ‘ಸತ್ಯನಿಷ್ಠೆಯಿಂದ’ ಎನ್ನಬಹುದು. ಕೋರ್ಟಿನಲ್ಲೂ ಹೀಗೆಯೇ. ಕಂಪನಿ ಕಾಲದಲ್ಲಿ ಹಿಂದೂ ಸಾಕ್ಷಿಗಳಿಗೆ ಗಂಗಾಜಲ, ಮುಸ್ಲಿಂ ಸಾಕ್ಷಿಗಳಿಗೆ ಕುರಾನ್ ಇತ್ತು. 1840ರ ಕಾನೂನು ಅದನ್ನು ನಿಲ್ಲಿಸಿತು. ಈಗ ನಡೆಯುತ್ತಿರುವ 1969ರ ಪ್ರಮಾಣ ಕಾಯ್ದೆಯಲ್ಲಿ ಭಗವದ್ಗೀತೆಯ ಮೇಲೆ ಕೈ ಇಡುವ ಮಾತಿಲ್ಲ, ಅದೇನಿದ್ದರೂ ಸಿನಿಮಾದಲ್ಲಿ. ಇದನ್ನೇ ನಮ್ಮ ರಾಜಕಾರಣಿಗಳು ಇನ್ನಷ್ಟು ಹಿಗ್ಗಿಸಿದ್ದಾರೆ. 2018ರಲ್ಲಿ ಯಡಿಯೂರಪ್ಪ ದೇವರ ಜೊತೆ ರೈತರ ಹೆಸರನ್ನೂ ಹೇಳಿದರು, 2023ರಲ್ಲಿ ಡಿ.ಕೆ. ಶಿವಕುಮಾರ್ ತಮ್ಮ ಗುರು ಗಂಗಾಧರ ಅಜ್ಜನ ಹೆಸರಿನಲ್ಲಿ ಪ್ರಮಾಣ ಮಾಡಿದರು. ಆದರೆ 2001ರಲ್ಲಿ ನಾರಾಯಣ ಗುರುಗಳ ಹೆಸರಿನಲ್ಲಿ ಪ್ರಮಾಣ ಮಾಡಿದ ಕೇರಳದ ಶಾಸಕರೊಬ್ಬರ ಪ್ರಮಾಣ ಸಿಂಧುವಲ್ಲ ಎಂದು ಅಲ್ಲಿನ ಹೈಕೋರ್ಟ್ ಹೇಳಿದ್ದೂ ಉಂಟು.

ವ್ಯತ್ಯಾಸ ಇರುವುದು ಇಲ್ಲೇ. ಪ್ರಮಾಣ ಮಾಡುವ ಶಾಸಕರು ಒಬ್ಬರೇ ನಿಂತು ತಮ್ಮ ಮಾತು ತಾವು ಆರಿಸಿಕೊಳ್ಳುತ್ತಾರೆ. ಶಾಲೆಯ ಅಂಗಳದಲ್ಲಿ ನಾನೂರು ಮಕ್ಕಳು ಒಂದೇ ದನಿಯಲ್ಲಿ ಹೇಳುವಾಗ ಯಾರಿಗೂ ಆಯ್ಕೆ ಇರುವುದಿಲ್ಲ. ಅಂಥ ಕಡೆ ಹಾಕುವ ಪದ ಎಲ್ಲರದ್ದೂ ಆಗಿರಬೇಕು. 1937ರಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ವಂದೇ ಮಾತರಂನ ಮೊದಲ ಎರಡು ಚರಣಗಳನ್ನಷ್ಟೇ ಸಭೆಗಳಿಗೆ ಇಟ್ಟುಕೊಂಡದ್ದರ ಹಿಂದೆಯೂ ಇದೇ ಯೋಚನೆ ಇತ್ತು. ಆ ಜಗಳ ಇಂದಿಗೂ ಮುಗಿದಿಲ್ಲ.

ದೇವರ ಹೆಸರಿಲ್ಲದಿದ್ದರೆ ದೇಶಭಕ್ತಿ ಸಪ್ಪೆಯಾಗುತ್ತದೆ ಎನ್ನುವವರು ಒಮ್ಮೆ ನಮ್ಮ ವಿದುರಾಶ್ವತ್ಥಕ್ಕೆ ಬರಬೇಕು. ಸಾವಿರಾರು ನಾಗರಕಲ್ಲುಗಳ ಆ ಕ್ಷೇತ್ರದಲ್ಲಿ, 1938ರ ಏಪ್ರಿಲ್ 25ರಂದು, ಬಾವುಟಕ್ಕಾಗಿ ಸೇರಿದ ಜನರ ಮೇಲೆ ಮೈಸೂರು ಪೊಲೀಸರು ಗುಂಡು ಹಾರಿಸಿದರು. 32 ಮಂದಿ ಸತ್ತರೆಂದು ಅಲ್ಲಿನ ಸ್ಮಾರಕ ಹೇಳುತ್ತದೆ. ದೇವಸ್ಥಾನದ ಮಗ್ಗುಲಲ್ಲೇ ಪ್ರಾಣ ಕೊಟ್ಟ ಆ ಜನ ಕೇಳಿದ್ದು ಬಾವುಟ ಹಾರಿಸುವ ಹಕ್ಕನ್ನು. ಅದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಪವಾಡಗಳನ್ನು ಜೀವನವಿಡೀ ಪ್ರಶ್ನಿಸಿದವರು, ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋದವರು. ಪಕ್ಕದ ಚಿಂತಾಮಣಿಯಲ್ಲಿ ಕೈವಾರ ತಾತಯ್ಯನವರ ತತ್ವಪದಗಳೂ ಇವೆ, ಹಿಂದೂ ಮುಸ್ಲಿಮರಿಬ್ಬರೂ ಹರಕೆ ಹೊರುವ ಮುರುಗಮಲ್ಲದ ದರ್ಗಾವೂ ಇದೆ. ಈ ಎಲ್ಲರ ಮನೆಯ ಮಕ್ಕಳೂ ಒಂದೇ ಸಾಲಿನಲ್ಲಿ ನಿಂತು ಪ್ರತಿಜ್ಞೆ ಹೇಳುತ್ತಾರೆ.

ಇನ್ನು, ದೇವರಿಲ್ಲದ ಮಾತನ್ನೂ ಹೇಳಲಾರೆ ಎನ್ನುವ ಮಗು? ಅಂಥ ಪ್ರಕರಣ ನಮ್ಮ ಸುಪ್ರೀಂ ಕೋರ್ಟಿಗೂ ಬಂದಿತ್ತು. 1985ರಲ್ಲಿ ಕೇರಳದ ಶಾಲೆಯೊಂದು ಬಿಜೋ ಇಮ್ಯಾನುಯೆಲ್ ಮತ್ತು ಇಬ್ಬರು ತಂಗಿಯರನ್ನು ಹೊರಹಾಕಿತು. ಅವರೂ ಯೆಹೋವನ ಸಾಕ್ಷಿಗಳು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರ ಪೀಠ ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳುವಂತೆ ಆದೇಶಿಸಿತು. ನಮ್ಮ ಪರಂಪರೆ ಕಲಿಸುವುದು, ನಮ್ಮ ತತ್ವಜ್ಞಾನ ಬೋಧಿಸುವುದು, ನಮ್ಮ ಸಂವಿಧಾನ ಆಚರಿಸುವುದು ಸಹಿಷ್ಣುತೆಯನ್ನು, ಅದನ್ನು ತೆಳುಗೊಳಿಸುವುದು ಬೇಡ ಎಂದು ಆ ತೀರ್ಪು ಹೇಳುತ್ತದೆ.

ಕೇಂದ್ರೀಯ ವಿದ್ಯಾಲಯಗಳ ಬೆಳಗಿನ ಪ್ರಾರ್ಥನೆಯನ್ನು ಪ್ರಶ್ನಿಸಿದ ಅರ್ಜಿಯನ್ನು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ದೊಡ್ಡ ಪೀಠಕ್ಕೆ ಒಪ್ಪಿಸಿತು. ಅಲ್ಲಿ ಏನೇ ತೀರ್ಮಾನವಾಗಲಿ, 1986ರ ತೀರ್ಪು ಇಂದಿಗೂ ನೆಲದ ಕಾನೂನು. ನಮ್ಮ ಸೀಮೆಯ ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಅದನ್ನೊಮ್ಮೆ ಓದಬೇಕು. ಸಾಲಿನಲ್ಲಿ ನೆಟ್ಟಗೆ ನಿಂತು ಸುಮ್ಮನಿರುವ ಮಗುವನ್ನು ಮುಂದೆ ಕರೆದು ಗದರಿಸುವ ಅಧಿಕಾರ ಯಾವ ಮೇಷ್ಟ್ರಿಗೂ ಇಲ್ಲ.