ಚೀನಾದ ‘ಒಂದೇ ಮಗು’: ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಉತ್ತರ

ಪ್ರಶ್ನೆ: ಒಂದೇ ಮಗು ಅಂತ ಕಟ್ಟುನಿಟ್ಟು ಮಾಡಿದ್ದಕ್ಕೇ ಅಲ್ವಾ ಸಾರ್ ಚೀನಾದ ಜನಸಂಖ್ಯೆ ಹಿಡಿತಕ್ಕೆ ಬಂದಿದ್ದು? ನಮ್ಮಲ್ಲೂ ಅದನ್ನೇ ತಂದರೆ ಏನು ಕಷ್ಟ?

ಈ ಪ್ರಶ್ನೆ ಬರದ ತಿಂಗಳಿಲ್ಲ. ಸಿಇಟಿ ರಿಸಲ್ಟ್ ಬಂದ ವಾರವಂತೂ ಇನ್ನೂ ಜಾಸ್ತಿ. ಈ ಸಲ ಉದ್ದಕ್ಕೇ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿ ಸುಮ್ಮನಾಗಬಹುದು.

ಒಂದೇ ಮಾತಿನ ಉತ್ತರ ಬೇಕಾದವರಿಗೆ: ಅಲ್ಲ.

ಮೂರು ಅಂಕಿ ನೋಡಿ. 1970ರಲ್ಲಿ ಚೀನಾದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 5.8 ಮಕ್ಕಳು. 1979ರ ಹೊತ್ತಿಗೆ ಅದು 2.7ರ ಆಸುಪಾಸಿಗೆ ಇಳಿದಿತ್ತು. ಒಂದೇ ಮಗು ಸಾಕು ಎಂದು ಕಮ್ಯುನಿಸ್ಟ್ ಪಕ್ಷ ತನ್ನ ಸದಸ್ಯರಿಗೆಲ್ಲ ಬಹಿರಂಗ ಪತ್ರ ಬರೆದದ್ದು 1980ರ ಸೆಪ್ಟೆಂಬರ್ 25ರಂದು. ಕ್ಲಾಸಿನಲ್ಲಿ ಈ ಮೂರನ್ನೂ ಬೋರ್ಡಿನ ಮೇಲೆ ಬರೆದು ನಾನು ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ. ಒಂದೆರಡು ನಿಮಿಷದಲ್ಲಿ ಹಿಂದಿನ ಬೆಂಚಿನಿಂದ ದನಿ ಬರುತ್ತದೆ: ‘ಸಾರ್, ರೂಲ್ಸು ಬರೋಕೆ ಮುಂಚೆನೇ ಅರ್ಧಕ್ಕರ್ಧ ಇಳಿದುಹೋಗಿದೆಯಲ್ಲ!’ ಹಿಂದಿನ ಬೆಂಚಿಗೆ ಹೊಳೆಯುವುದು ಟಿವಿ ಚರ್ಚೆಗೆ ಬರುವವರಿಗೆ ಯಾಕೆ ಹೊಳೆಯುವುದಿಲ್ಲವೋ.

ಹಾಗಾದರೆ ಎಪ್ಪತ್ತರ ದಶಕದಲ್ಲಿ ಏನಾಯಿತು? ಆಗ ನಡೆದದ್ದು ‘ತಡವಾಗಿ, ಅಂತರ ಬಿಟ್ಟು, ಕಮ್ಮಿ’ ಅನ್ನುವ ಆಂದೋಲನ. ಮದುವೆ ತಡವಾಗಲಿ, ಎರಡು ಹೆರಿಗೆಗಳ ನಡುವೆ ಮೂರ್ನಾಲ್ಕು ವರ್ಷ ಇರಲಿ, ಎರಡು ಮಕ್ಕಳಿಗೆ ಸಾಕು ಮಾಡಿ. ಇದೇನು ಬೆಣ್ಣೆ ಸವರಿ ಹೇಳಿದ ಮಾತಲ್ಲ, ಆಗಲೂ ಸಾಕಷ್ಟು ಜಬರದಸ್ತಿ ಇತ್ತು. ಆದರೆ ಜೊತೆಗೇ ಹಳ್ಳಿ ಹಳ್ಳಿಗೆ ‘ಬರಿಗಾಲ ವೈದ್ಯರು’, ಅಂದರೆ ಅಲ್ಪಾವಧಿ ತರಬೇತಿ ಪಡೆದ ಹಳ್ಳಿ ಆರೋಗ್ಯ ಕಾರ್ಯಕರ್ತರು, ಹೋಗಿದ್ದರು. ಹುಟ್ಟಿದ ಮಕ್ಕಳು ಉಳಿಯತೊಡಗಿದ್ದವು. ಹೆಣ್ಣುಮಕ್ಕಳು ಶಾಲೆ ಮೆಟ್ಟಿಲು ಹತ್ತಿದ್ದರು. ಇಷ್ಟಾದರೆ ಹೆರಿಗೆ ಕಮ್ಮಿಯಾಗುವುದು ಎಲ್ಲ ಕಡೆ ನಡೆಯುವ ಕಥೆ. ಥಾಯ್ಲೆಂಡಿನಲ್ಲಿ 1970ರಲ್ಲಿ ಐದಕ್ಕಿಂತ ಜಾಸ್ತಿ ಇದ್ದದ್ದು 1990ರ ಹೊತ್ತಿಗೆ ಎರಡರ ಹತ್ತಿರ ಬಂತು. ಅಲ್ಲಿ ಒಂದೇ ಮಗು ಎಂದು ಯಾರೂ ಕೋಲು ಹಿಡಿದಿರಲಿಲ್ಲ.

ಇನ್ನೂ ತಮಾಷೆ ಕೇಳಿ. ಕಟ್ಟುನಿಟ್ಟು ಶುರುವಾದ ಮೇಲೆ, ಎಂಬತ್ತರ ದಶಕದುದ್ದಕ್ಕೂ ಆ ಸರಾಸರಿ ಎರಡಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಮೇಲೆ ಕೆಳಗೆ ಓಲಾಡುತ್ತಾ ಇತ್ತು. ಎರಡಕ್ಕಿಂತ ಕೆಳಗೆ ಬಂದದ್ದು ತೊಂಬತ್ತರ ದಶಕದಲ್ಲಿ, ಹಳ್ಳಿಯವರು ನಗರದ ಫ್ಯಾಕ್ಟರಿಗಳಿಗೆ ಗುಳೆ ಹೋಗತೊಡಗಿದ ಮೇಲೆ.

‘ನಾವು 40 ಕೋಟಿ ಜನನ ತಪ್ಪಿಸಿದೆವು’ ಅಂತ ಅಲ್ಲಿನ ಸರ್ಕಾರ ಹೇಳುತ್ತಿತ್ತಲ್ಲ, ಆ ಲೆಕ್ಕ ಹಿಡಿದದ್ದು 1970ರಿಂದ. ಜನ ಹಳೇ ಕಾಲದ ಹಾಗೇ ಹೆರುತ್ತಾ ಹೋಗುತ್ತಿದ್ದರು ಎಂದು ಇಟ್ಟುಕೊಂಡು, ಇಳಿದದ್ದನ್ನೆಲ್ಲ ತನ್ನ ಖಾತೆಗೆ ಬರೆದುಕೊಂಡರು. ನನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗೋದು ಅಂದ ಅಜ್ಜಿಯ ಲೆಕ್ಕ. ಏನೂ ಪರಿಣಾಮ ಆಗಲಿಲ್ಲ ಎಂದು ನಾನು ಹೇಳುತ್ತಿಲ್ಲ. ನಗರದಲ್ಲಿ ಸರ್ಕಾರಿ ನೌಕರಿ ಇದ್ದವರಿಗೆ ಎರಡನೇ ಮಗು ಅಂದರೆ ಕೆಲಸಕ್ಕೇ ಸಂಚಕಾರ. ಆದರೆ ಬೆಳಗಾದದ್ದು ಕೋಳಿಯಿಂದಲ್ಲ.

‘ಎಲ್ಲರಿಗೂ ಒಂದೇ’ ಅನ್ನುವುದೂ ಅರ್ಧ ಸತ್ಯ. 1984ರಿಂದ ಬಹಳಷ್ಟು ಪ್ರಾಂತ್ಯಗಳ ಹಳ್ಳಿಗಳಲ್ಲಿ ಒಂದು ವಿನಾಯಿತಿ ಬಂತು: ಮೊದಲನೇದು ಹೆಣ್ಣಾದರೆ ಇನ್ನೊಂದು ಹೆರಬಹುದು. ಅಲ್ಪಸಂಖ್ಯಾತ ಜನಾಂಗಗಳಿಗೆ ಇನ್ನೂ ಸಡಿಲ. ಖಡಕ್ಕಾಗಿ ಒಂದೇ ಅಂತ ಇದ್ದದ್ದು ಜನಸಂಖ್ಯೆಯ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಮಂದಿಗೆ. ಮೀರಿದರೆ ಜೈಲು ಅಂತಲೂ ಅಲ್ಲ, ದಂಡ. ಅದಕ್ಕೆ ‘ಸಮಾಜ ಪೋಷಣೆ ಶುಲ್ಕ’ ಎಂಬ ಗೌರವದ ಹೆಸರು. ಸಿನಿಮಾ ನಿರ್ದೇಶಕ ಜಾಂಗ್ ಯಿಮೌ ಮೂರು ಮಕ್ಕಳಿಗಾಗಿ 2014ರಲ್ಲಿ ಸುಮಾರು 75 ಲಕ್ಷ ಯುವಾನ್ ಕಟ್ಟಬೇಕಾಯಿತು. ಅವರು ಕಟ್ಟಿದರು. ಬಡವರ ಗತಿ ಬೇರೆ. 1983ರ ಒಂದೇ ವರ್ಷದಲ್ಲಿ 2 ಕೋಟಿಗೂ ಮಿಕ್ಕಿ ಜನರಿಗೆ ಮಕ್ಕಳಾಗದಂತೆ ಆಪರೇಷನ್ ಆಯಿತು. ನಮ್ಮ ತುರ್ತುಪರಿಸ್ಥಿತಿಯ ಒಂದೇ ವರ್ಷದಲ್ಲಿ 62 ಲಕ್ಷ ಗಂಡಸರಿಗೆ ಆದದ್ದನ್ನೇ ಹಿರಿಯರು ಇನ್ನೂ ಮರೆತಿಲ್ಲ.

ಜನಸಂಖ್ಯೆ ಇಳಿಸಿದ ಕೀರ್ತಿ ಆ ನಿಯಮಕ್ಕೆ ಅಷ್ಟಾಗಿ ಸಲ್ಲದು ಅಂದೆ. ಹಾಗಾದರೆ ಅದು ಮಾಡಿದ್ದೇನು?

ಹೆಣ್ಣುಮಕ್ಕಳ ಲೆಕ್ಕ ತೆಗೆಯಿರಿ. ಸಾಮಾನ್ಯವಾಗಿ 100 ಹೆಣ್ಣುಮಕ್ಕಳು ಹುಟ್ಟಿದರೆ ಗಂಡು 105 ಅಥವಾ 106. ಚೀನಾದಲ್ಲಿ 2004ರಲ್ಲಿ 121. ಗಂಡು ಬೇಕೆನ್ನುವ ಆಸೆ ಹಳೆಯದು, ಸ್ಕ್ಯಾನಿಂಗ್ ಮಶೀನು ಹೊಸದು, ಅವಕಾಶ ಮಾತ್ರ ಒಂದೋ ಎರಡೋ. ನಮ್ಮ ಹರಿಯಾಣ, ಪಂಜಾಬ್‌ನಲ್ಲಿ ಅಂಥ ಕಾನೂನಿಲ್ಲದೆಯೂ ಇದೇ ಪಾಪ ನಡೆದಿದೆ, ಹಾಗಾಗಿ ಎಲ್ಲವನ್ನೂ ನಿಯಮದ ತಲೆಗೆ ಕಟ್ಟಲಾರೆ. ಆದರೆ ‘ಹೆಣ್ಣಾದರೆ ಇನ್ನೊಂದು’ ಎಂದು ಸರ್ಕಾರವೇ ಬರೆದುಕೊಟ್ಟರೆ, ಹೆಣ್ಣು ಅರ್ಧ ಮಗು ಎಂದು ಸೀಲು ಒತ್ತಿದ ಹಾಗಾಯಿತಲ್ಲ. ಅಲ್ಲಿನ ಹುಡುಗಿಯರಿಗೆ ‘ಜಾವ್‌ದೀ’ ಎಂಬ ಹೆಸರು ಇಡುವುದುಂಟು. ಅರ್ಥ, ‘ತಮ್ಮನನ್ನು ಕರೆದುಕೊಂಡು ಬಾ’. ಸಾಕಮ್ಮ ಎಂದು ಹೆಸರಿಟ್ಟ ನಾಡಿನವರು ನಾವು, ಬಿಡಿಸಿ ಹೇಳಬೇಕಿಲ್ಲ.

ಇನ್ನು ಲೆಕ್ಕಕ್ಕೇ ಸಿಗದ ಮಕ್ಕಳು. ಅಲ್ಲಿ ‘ಹುಕೌ’ ಎಂಬ ಮನೆ ನೋಂದಣಿ ಪುಸ್ತಕವಿದೆ. ಅದರಲ್ಲಿ ಹೆಸರಿಲ್ಲದಿದ್ದರೆ ಶಾಲೆಯಿಲ್ಲ, ಆಸ್ಪತ್ರೆಯಿಲ್ಲ, ರೈಲು ಟಿಕೆಟ್ಟೂ ಕಷ್ಟ. ದಂಡ ಕಟ್ಟಲಾಗದೆ ಮಗುವಿನ ಹೆಸರು ಬರೆಸದೇ ಬಿಟ್ಟವರು ಬಹಳ. 2010ರ ಜನಗಣತಿಯಲ್ಲಿ ಹುಕೌ ಇಲ್ಲದವರು ಸುಮಾರು 1.3 ಕೋಟಿ ಸಿಕ್ಕರು. ಅದರಲ್ಲಿ ಹೆಚ್ಚಿನವರು ಇಂಥ ಮಕ್ಕಳೇ.

ಇನ್ನೊಂದು ಗುಂಪಿನ ವಿಷಯ ಬರೆಯುವಾಗ ನನಗೂ ಕೈ ತಡೆಯುತ್ತದೆ. ಇದ್ದ ಒಂದೇ ಮಗುವನ್ನು ಕಳೆದುಕೊಂಡವರು. ಚೀನೀ ಭಾಷೆಯಲ್ಲಿ ಅವರಿಗೆ ಒಂದು ಹೆಸರೇ ಹುಟ್ಟಿದೆ, ‘ಷೀದೂ’ ಅಂತ. 2008ರ ಮೇ 12ರಂದು ಸಿಚುವಾನ್ ಭೂಕಂಪದಲ್ಲಿ ಶಾಲೆಗಳು ಕುಸಿದವು. ಎಷ್ಟೋ ಅಪ್ಪ ಅಮ್ಮಂದಿರಿಗೆ ಆ ಬೆಂಚಿನ ಮೇಲೆ ಕೂತಿದ್ದದ್ದು ಒಂದೇ ಮಗು. ಆಮೇಲೆ ಅವರಿಗೆ ಇನ್ನೊಂದು ಹೆರಲು ಅನುಮತಿ ಸಿಕ್ಕಿತು. ವಯಸ್ಸು ಮೀರಿದವರು ಆ ಅನುಮತಿಯನ್ನು ಇಟ್ಟುಕೊಂಡು ಏನು ಮಾಡಬೇಕಿತ್ತು?

ಆ 1980ರ ಪತ್ರದಲ್ಲಿ ಒಂದು ಮಾತಿದೆ: ಮುದುಕರೇ ತುಂಬಿಹೋಗುತ್ತಾರೆ ಎಂಬ ಚಿಂತೆ ಬೇಡ, ಬೇಗ ಅಂದರೂ 40 ವರ್ಷದ ಮೇಲಿನ ಮಾತು. ಲೆಕ್ಕ ತಪ್ಪಲಿಲ್ಲ. 40 ವರ್ಷ ಕೂಡಿಸಿ ನೋಡಿ. 2016ರಿಂದ ಎರಡು ಮಕ್ಕಳು, 2021ರಲ್ಲಿ ಮೂರು ಅಂತ ಬಾಗಿಲು ತೆರೆದರು. ಹುಟ್ಟಿದ ಮಕ್ಕಳು 2016ರಲ್ಲಿ ಸುಮಾರು 1.8 ಕೋಟಿ, 2023ರಲ್ಲಿ 90 ಲಕ್ಷ. 2022ರಿಂದ ಜನಸಂಖ್ಯೆಯೇ ಇಳಿಯುತ್ತಿದೆ. 2025ರಿಂದ ಮೂರು ವರ್ಷದೊಳಗಿನ ಪ್ರತಿ ಮಗುವಿಗೆ ವರ್ಷಕ್ಕೆ 3,600 ಯುವಾನ್ ಕೊಡುತ್ತೇವೆ ಅನ್ನುತ್ತಿದ್ದಾರೆ. ಮನೆ ಬಾಡಿಗೆ, ಟ್ಯೂಷನ್ ಫೀಸು ನೋಡಿದವರಿಗೆ ಅದು ಯಾವ ಮೂಲೆಗೆ?

ಪ್ರಶ್ನೆಯ ಎರಡನೇ ಭಾಗ: ನಮ್ಮಲ್ಲಿ ಯಾಕೆ ತರಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಇಳಿದಾಗಿರುವುದನ್ನು ಇಳಿಸಲು ಕಾನೂನು ಯಾಕೆ ಬೇಕು ಸ್ವಾಮಿ?

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನನ್ನನ್ನು ಹೆಚ್ಚು ಕಾಡುವ ಪ್ರಶ್ನೆಯನ್ನು ಇದುವರೆಗೂ ಯಾರೂ ಕೇಳಿಲ್ಲ: ಅಲ್ಲಿ ಚಿಕ್ಕಪ್ಪಂದಿರು ಎಲ್ಲಿ ಹೋದರು? ಇಂಗ್ಲಿಷಿನವರ ಹಾಗೆ ಎಲ್ಲರನ್ನೂ ‘ಅಂಕಲ್’ ಚೀಲಕ್ಕೆ ತುಂಬುವ ಭಾಷೆಯಲ್ಲ ಚೀನೀ. ಅಪ್ಪನ ಅಣ್ಣ ‘ಬೋಬೋ’, ತಮ್ಮ ‘ಷೂಷೂ’, ಅಪ್ಪನ ಅಕ್ಕತಂಗಿ ‘ಗೂಗೂ’, ಅಮ್ಮನ ಅಣ್ಣತಮ್ಮ ‘ಜ್ಯೂಜ್ಯೂ’. ನಮ್ಮ ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆ, ಸೋದರಮಾವನ ಹಾಗೆಯೇ ಬೇರೆ ಬೇರೆ. ಈಗ ಅಪ್ಪನೂ ಒಬ್ಬನೇ ಮಗ, ಅಮ್ಮನೂ ಒಬ್ಬಳೇ ಮಗಳು ಎಂದಿಟ್ಟುಕೊಳ್ಳಿ. ಆ ಮಗುವಿಗೆ ಈ ನಾಲ್ಕರಲ್ಲಿ ಒಂದನ್ನೂ ಮನೆಯೊಳಗೆ ಕೂಗುವ ಸಂದರ್ಭ ಬರುವುದಿಲ್ಲ. ಊಟದ ಮೇಜಿನ ಸುತ್ತ ಅಜ್ಜ ಅಜ್ಜಿಯರು ನಾಲ್ಕು ಜನ, ಅಪ್ಪ ಅಮ್ಮ ಇಬ್ಬರು, ಮಗು ಒಂದು.

ಹೊಸವರ್ಷದ ಹಬ್ಬಕ್ಕೆ ಊರಿಗೆ ಹೋದಾಗ ಹಿರಿಯರ ಕಡೆಯ ನೆಂಟರು ಎದುರಾಗುತ್ತಾರೆ. ಯಾರನ್ನು ಏನೆಂದು ಕರೆಯಬೇಕೋ ಹುಡುಗರಿಗೆ ಗೊತ್ತಾಗುವುದಿಲ್ಲ. ಅದಕ್ಕೆಂದೇ ಅಲ್ಲಿ ನೆಂಟಸ್ತಿಕೆ ಲೆಕ್ಕ ಹಾಕುವ ಆ್ಯಪ್‌ಗಳಿವೆ, ಕೆಲವು ಮೊಬೈಲುಗಳ ಕ್ಯಾಲ್ಕುಲೇಟರಿನಲ್ಲೇ ಆ ಸೌಲಭ್ಯ ಇದೆ. ‘ಅಪ್ಪ’ ಒತ್ತಬೇಕು, ‘ಅಣ್ಣ’ ಒತ್ತಬೇಕು, ‘ಹೆಂಡತಿ’ ಒತ್ತಬೇಕು. ನಾವು ದೊಡ್ಡಮ್ಮ ಅನ್ನುವುದಕ್ಕೆ ಅವರಲ್ಲಿ ಏನನ್ನುತ್ತಾರೋ, ಅದು ಪರದೆಯ ಮೇಲೆ ಬರುತ್ತದೆ.