ಸಂದೇಹ ಯಾರ ಕೈಯ ಆಯುಧ?

1562ರ ಮಾರ್ಚ್‌ನಲ್ಲಿ ಫ್ರಾನ್ಸಿನ ವಾಸಿ ಎಂಬ ಊರಿನಲ್ಲಿ ಪ್ರಾರ್ಥನೆಗೆ ಸೇರಿದ್ದ ಪ್ರಾಟೆಸ್ಟೆಂಟರನ್ನು ಕ್ಯಾಥಲಿಕ್ ನಾಯಕ ಗೀಸ್‌ನ ಡ್ಯೂಕನ ಸೈನಿಕರು ಕೊಂದರು. 1598ರವರೆಗೆ ಬಿಟ್ಟುಬಿಟ್ಟು ನಡೆದ ಧರ್ಮಯುದ್ಧಗಳು ಅಲ್ಲಿಂದ ಶುರುವಾದವು. ಆ 1562ರಲ್ಲೇ ಮುದ್ರಕ, ವಿದ್ವಾಂಸ ಆನ್ರಿ ಎಸ್ಟಿಯೆನ್ ಪ್ರಾಚೀನ ಗ್ರೀಕ್ ಚಿಂತಕ ಸೆಕ್ಸ್ಟಸ್ ಎಂಪಿರಿಕಸ್‌ನ ಕೃತಿಯೊಂದನ್ನು ಲ್ಯಾಟಿನ್‌ನಲ್ಲಿ ಹೊರತಂದ. ಪ್ರತಿ ವಾದಕ್ಕೂ ಅಷ್ಟೇ ಬಲದ ಎದುರುವಾದವಿದೆ, ಆದ್ದರಿಂದ ತೀರ್ಪು ಕೊಡದೆ ತಡೆದು ನಿಲ್ಲು, ಮನಸ್ಸಿಗೆ ನೆಮ್ಮದಿ ಸಿಗುತ್ತದೆ ಎಂಬ ಸಂದೇಹವಾದ ಅದರ ಬೋಧೆ.

ಯುರೋಪಿಗೆ ಆ ಹೊತ್ತಿನಲ್ಲಿ ಇದು ಬರೀ ಪಾಂಡಿತ್ಯದ ವಿಷಯವಾಗಿರಲಿಲ್ಲ. ಬೈಬಲ್ಲಿನ ಅರ್ಥವನ್ನು ತೀರ್ಮಾನಿಸುವವರು ಯಾರು, ಪೋಪರೋ ಓದುವವನ ಅಂತಸ್ಸಾಕ್ಷಿಯೋ? ಈ ಜಗಳ ಪೋಪರನ್ನು ಎದುರಿಸಿದ ಜರ್ಮನ್ ಸುಧಾರಕ ಲೂಥರ್‌ನ ಕಾಲದಿಂದಲೇ ಹೊತ್ತಿಕೊಂಡಿತ್ತು. ಇಷ್ಟು ಗಹನವಾದದ್ದರಲ್ಲಿ ಹಟ ಬೇಡ, ಚರ್ಚು ಹೇಳಿದ್ದನ್ನು ಒಪ್ಪೋಣ ಎಂದು 1524ರಲ್ಲಿ ಕ್ಯಾಥಲಿಕ್ ವಿದ್ವಾಂಸ ಎರಾಸ್ಮಸ್ ಬರೆದಾಗ, ಲೂಥರ್ ಮರುವರ್ಷ ಕೊಟ್ಟ ಉತ್ತರ ಖಡಾಖಂಡಿತವಾಗಿತ್ತು: 'ಪವಿತ್ರಾತ್ಮ ಸಂದೇಹವಾದಿಯಲ್ಲ.'

ಸಂದೇಹವಾದಿ ಎಂದರೆ ದೇವರನ್ನು ನಂಬದವನು ಎಂದು ಇಂದು ನಾವು ಸಲೀಸಾಗಿ ಅಂದುಕೊಳ್ಳುತ್ತೇವೆ. ಆಗ ನಡೆದದ್ದು ಬೇರೆಯೇ. 1569ರಲ್ಲಿ ಸೆಕ್ಸ್ಟಸ್‌ನ ಇನ್ನುಳಿದ ಬರಹಗಳನ್ನು ಅನುವಾದಿಸಿದ ಜೆಂಟಿಯನ್ ಎರ್ವೆ ಕ್ಯಾಥಲಿಕ್ ಪಾದ್ರಿ. ಮನುಷ್ಯನ ಬುದ್ಧಿಗೆ ಏನೂ ಖಚಿತವಾಗಿ ತಿಳಿಯದು ಎಂದಾದರೆ ಪ್ರಾಟೆಸ್ಟೆಂಟರಾದ ಕ್ಯಾಲ್ವಿನ್ ಪಂಥದವರ ಹೊಸ ಮಾತಿಗೂ ಆಧಾರವಿಲ್ಲ, ಉಳಿಯುವುದು ಚರ್ಚಿನ ಪರಂಪರೆಯೊಂದೇ ಎಂಬುದು ಅವನ ಎಣಿಕೆ. ಫ್ರೆಂಚ್ ಪ್ರಬಂಧಕಾರ ಮಾಂಟೇನ್ ಕೂಡ ಬಹುಮಟ್ಟಿಗೆ ಇದೇ ದಾರಿ ಹಿಡಿದ. ಈ ಬೆಟ್ಟಗಳ ಒಳಗೆ ಸತ್ಯ, ಆಚೆಗೆ ಸುಳ್ಳು ಎನ್ನಿಸಿಕೊಳ್ಳುವುದು ಎಂಥ ಸತ್ಯ ಎಂದು ಕೇಳಿದವನು, ತನ್ನ ಮಟ್ಟಿಗೆ ಹುಟ್ಟಿದ ಮತವನ್ನೂ ಊರಿನ ಕಾನೂನನ್ನೂ ಬಿಡಲಿಲ್ಲ. ಆದರೆ ಮಾಟಗಾತಿಯರೆಂದು ಹೆಂಗಸರನ್ನು ಸುಡುವ ಮಾತು ಬಂದಾಗ ಅವನ ದನಿ ಬದಲಾಗುತ್ತದೆ. ಊಹೆಯ ಮೇಲೆ ಜೀವಂತ ಮನುಷ್ಯರನ್ನು ಸುಡುವುದೆಂದರೆ ನಮ್ಮ ಊಹೆಗೆ ನಾವು ವಿಪರೀತ ಬೆಲೆ ಕಟ್ಟಿದಂತೆ ಎನ್ನುತ್ತಾನೆ.

ನನಗೆ ಈ ಚರಿತ್ರೆಯಲ್ಲಿ ಎಲ್ಲರಿಗಿಂತ ಹತ್ತಿರವಾಗುವವನು ಸೆಬಾಸ್ಟಿಯನ್ ಕ್ಯಾಸ್ಟೆಲಿಯೊ. 1553ರ ಅಕ್ಟೋಬರ್ 27ರಂದು, ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ಕ್ರೈಸ್ತರ ತ್ರಯೇಕ ತತ್ವವನ್ನು ನಿರಾಕರಿಸಿದ ಮೈಕೇಲ್ ಸರ್ವೆಟಸ್‌ನನ್ನು ಜಿನೀವಾದಲ್ಲಿ ಸುಟ್ಟರು. ಅಲ್ಲಿನ ಧರ್ಮಗುರು ಕ್ಯಾಲ್ವಿನ್ ಅದನ್ನು ಬರಹದಲ್ಲಿ ಸಮರ್ಥಿಸಿಕೊಂಡ. ಬಾಸೆಲ್‌ನಲ್ಲಿ ಗ್ರೀಕ್ ಕಲಿಸುತ್ತಿದ್ದ ಕ್ಯಾಸ್ಟೆಲಿಯೊ ಉತ್ತರ ಬರೆದ: 'ಮನುಷ್ಯನನ್ನು ಕೊಲ್ಲುವುದು ಸಿದ್ಧಾಂತವನ್ನು ಕಾಪಾಡುವುದಲ್ಲ, ಮನುಷ್ಯನನ್ನು ಕೊಲ್ಲುವುದು ಅಷ್ಟೆ.' ಆ ಪುಸ್ತಕ ಅಚ್ಚಾದದ್ದು ಅವನು ಸತ್ತು ದಶಕಗಳು ಕಳೆದ ಮೇಲೆ, 1612ರಲ್ಲಿ. ತ್ರಯೇಕ ತತ್ವದ ಬಗ್ಗೆ ಅನುಮಾನಕ್ಕೆ ಎಡೆಯಿದೆ ಎಂದವನಿಗೆ ಕೊಲೆ ಕೊಲೆಯೇ ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಸಂದೇಹ ಸಹಿಷ್ಣುತೆಯ ಕಡೆ ತಿರುಗಿದ್ದು ಇಂಥ ಒಂದು ನೈತಿಕ ಖಚಿತತೆ ಜೊತೆಗಿದ್ದಲ್ಲಿ ಮಾತ್ರ ಎಂದು ನನ್ನ ನಂಬಿಕೆ. ಅದಿಲ್ಲದೆ ಹೋದರೆ ಯಾರಿಗೂ ಸತ್ಯ ತಿಳಿಯದು ಎಂಬ ಮಾತು ಅಧಿಕಾರದಲ್ಲಿದ್ದವರಿಗೇ ಒದಗುತ್ತದೆ. ಇಂಗ್ಲೆಂಡಿನ ಅಂತರ್ಯುದ್ಧ ಕಂಡ ತತ್ವಜ್ಞಾನಿ ಹಾಬ್ಸ್ 1651ರಲ್ಲಿ ಹೇಳಿದ್ದು ಇದಕ್ಕೆ ತೀರ ಸಮೀಪ: ಒಳಗೆ ಏನನ್ನಾದರೂ ನಂಬು, ಬಹಿರಂಗವಾಗಿ ಯಾವ ಧರ್ಮಬೋಧೆ ನಡೆಯಬೇಕೆಂಬುದನ್ನು ಸಾರ್ವಭೌಮ ನಿರ್ಧರಿಸುತ್ತಾನೆ.

ಕ್ಯಾಸ್ಟೆಲಿಯೊನ ಎಳೆಯನ್ನು ಇನ್ನಷ್ಟು ದೂರ ಒಯ್ದವನು ಫ್ರೆಂಚ್ ಚಿಂತಕ ಪಿಯೇರ್ ಬೇಲ್. ಪ್ರಾಟೆಸ್ಟೆಂಟನಾಗಿ ಹುಟ್ಟಿ, ಕ್ಯಾಥಲಿಕ್ ಆಗಿ, ಮತ್ತೆ ಹಿಂದಿರುಗಿದವನು. ಕೊನೆಗೆ ರಾಟರ್‌ಡ್ಯಾಮ್‌ನಲ್ಲಿ ನೆಲೆಯಾದ. ಅವನ ಬರಹದ ಸಿಟ್ಟಿಗೆ ಅವನ ಅಣ್ಣ ಜಾಕೋಬ್ 1685ರಲ್ಲಿ ಫ್ರಾನ್ಸಿನ ಜೈಲಿನಲ್ಲಿ ಪ್ರಾಣ ತೆರಬೇಕಾಯಿತು. ಪ್ರಾಟೆಸ್ಟೆಂಟರಿಗೆ ರಕ್ಷಣೆ ಕೊಟ್ಟಿದ್ದ ನಾಂತ್ ಶಾಸನವನ್ನು ಹದಿನಾಲ್ಕನೇ ಲೂಯಿ ರದ್ದು ಮಾಡಿದ್ದೂ ಅದೇ ವರ್ಷ. ಮರುವರ್ಷ ಬೇಲ್ ಲೂಕನ ಸುವಾರ್ತೆಯ 'ಒಳಗೆ ಬರುವಂತೆ ಬಲವಂತ ಮಾಡು' ಎಂಬ ಮಾತನ್ನೇ ಕೈಗೆತ್ತಿಕೊಂಡ. ಬಲವಂತದ ಮತಾಂತರಕ್ಕೆ ಪಾದ್ರಿಗಳು ತೋರಿಸುತ್ತಿದ್ದ ವಾಕ್ಯ ಅದು. ಅಪರಾಧ ಮಾಡಲು ಹಚ್ಚುವ ಯಾವ ವ್ಯಾಖ್ಯಾನವೂ ಸುಳ್ಳು ಎಂದ ಬೇಲ್, ತಪ್ಪು ನಂಬಿಕೆಯಲ್ಲಿರುವವನ ಅಂತಸ್ಸಾಕ್ಷಿಗೂ ಹಕ್ಕುಂಟು ಎಂದು ವಾದಿಸಿದ.

ನಾಸ್ತಿಕರ ಸಮಾಜವೂ ಕಟ್ಟುಪಾಡಿನಿಂದ ಬಾಳಬಲ್ಲದು ಎಂದು ಮೊದಲೇ ಬರೆದಿದ್ದವನು ಇದೇ ಬೇಲ್. ಹಾಗಿದ್ದೂ ಅಂತಸ್ಸಾಕ್ಷಿಯ ಹಕ್ಕನ್ನು ಅವರಿಗೆ ಚಾಚಲಿಲ್ಲ: ದೇವರನ್ನು ಒಪ್ಪದವನು ದೇವರ ಆಜ್ಞೆಯ ಹೆಸರಿನಲ್ಲಿ ರಕ್ಷಣೆ ಕೇಳಲಾರ ಎಂಬುದು ಅವನ ತರ್ಕ. ನಾಸ್ತಿಕನ ಆಣೆಯನ್ನು ನಂಬಲಾಗದು ಎಂದು 1689ರಲ್ಲಿ ಇಂಗ್ಲಿಷ್ ತತ್ವಜ್ಞಾನಿ ಲಾಕ್ ಕೂಡ ಅವರನ್ನು ಹೊರಗಿಟ್ಟ. ಫ್ರಾನ್ಸಿನ ಪ್ರಾಟೆಸ್ಟೆಂಟರ ಹುಟ್ಟು, ಮದುವೆ, ಸಾವುಗಳಿಗೆ ಮತ್ತೆ ಕಾನೂನಿನ ಮಾನ್ಯತೆ ಸಿಗಬೇಕಾದರೆ 1787ರವರೆಗೆ ಕಾಯಬೇಕಾಯಿತು.