ಹಲ್ಲಿನ ಸಿಮೆಂಟಲ್ಲಿರುವ ಫ್ಲೋರೈಡ್‌ಗೆ ಹೆದರಬೇಕಾ?

ಬಾಗೇಪಲ್ಲಿ, ಗುಡಿಬಂಡೆ ಕಡೆಯಿಂದ ಚಿಕ್ಕಬಳ್ಳಾಪುರಕ್ಕೆ ಹಲ್ಲು ತೋರಿಸಲು ಬರುವವರಿಗೆ ಫ್ಲೋರೈಡ್ ಅಂದರೆ ಭಯ. ಆ ಭಯ ಸುಮ್ನೆ ಬಂದದ್ದಲ್ಲ. ಬೋರ್ ನೀರು ಕುಡಿದು ಬೆಳೆದವರ ಹಲ್ಲಿನ ಕಂದು ಕಲೆ ನಾನು ದಿನಾ ನೋಡುತ್ತೇನೆ. ಆದರೆ ಅದೇ ಭಯಕ್ಕೆ ಹುಳುಕು ಹಲ್ಲನ್ನು ಹಾಗೇ ಬಿಟ್ಟು ಹೋಗುತ್ತಾರಲ್ಲ, ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹುಳುಕು ತುಂಬಿಸಲು ಬಳಸುವ, ಹಲ್ಲಿನ ಬಣ್ಣದ ಕಾಂಪೋಸಿಟ್ ಸಿಮೆಂಟಿನ ಕೆಲವು ಬಗೆಗಳಲ್ಲಿ ಯಿಟರ್ಬಿಯಂ ಫ್ಲೋರೈಡ್ ಎಂಬ ಬಿಳಿ ಪುಡಿ ಇರುತ್ತದೆ. ಮೊಬೈಲಲ್ಲಿ ಇದನ್ನು ಓದಿದವರು "ಬೇಡ ಡಾಕ್ಟ್ರೇ, ಆಮೇಲೆ ನೋಡೋಣ" ಅಂತ ಎದ್ದುಬಿಡುತ್ತಾರೆ. ಮತ್ತೆ ಬರುವಷ್ಟರಲ್ಲಿ ಹುಳುಕು ನರ ಮುಟ್ಟಿರುತ್ತದೆ. ಆಮೇಲೆ ರೂಟ್ ಕೆನಾಲೇ ಗತಿ.

ಬೋರ್ ನೀರಿನ ಫ್ಲೋರೈಡ್ ಕರಗಿದ ಫ್ಲೋರೈಡ್. ಕುಡಿದರೆ ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಮೂಳೆಗೆ ಹೋಗುತ್ತದೆ. ಅದೂ ದಿನಾ, ವರ್ಷಗಟ್ಟಲೆ. ಯಿಟರ್ಬಿಯಂ ಫ್ಲೋರೈಡ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಮೇಲಾಗಿ ನೀಲಿ ಲೈಟ್ ಹಿಡಿದು ಗಟ್ಟಿ ಮಾಡಿದ ರೆಸಿನ್ ಎಂಬ ಪ್ಲಾಸ್ಟಿಕ್‌ನಂಥ ವಸ್ತುವಿನ ಒಳಗೆ ಅದು ಹುದುಗಿರುತ್ತದೆ. ಒಂದಿಷ್ಟೂ ಹೊರಗೆ ಬರುವುದಿಲ್ಲ ಅಂತ ನಾನು ಹೇಳುವುದಿಲ್ಲ. ಬರುತ್ತದೆ, ಬಹಳ ಸ್ವಲ್ಪ. ಆ ಸ್ವಲ್ಪದಿಂದಲೇ ಮತ್ತೆ ಹುಳುಕು ಬರಲ್ಲ ಅಂತ ಮಾರುವವರು ಹೇಳಿದರೆ ಅದನ್ನೂ ನಾನು ಒಪ್ಪುವುದಿಲ್ಲ. ಹೆಚ್ಚು ಫ್ಲೋರೈಡ್ ಬಿಡುವುದೇ ಬೇಕಿದ್ದರೆ ಗ್ಲಾಸ್ ಅಯಾನೋಮರ್ ಎಂಬ ಬೇರೆ ಸಿಮೆಂಟೇ ಇದೆ.

ಮತ್ತೆ ಈ ಪುಡಿ ಯಾಕೆ? ಎಕ್ಸ್-ರೇಗಾಗಿ. ಯಿಟರ್ಬಿಯಂ ಭಾರದ ಲೋಹ, ಪರಮಾಣು ಸಂಖ್ಯೆ 70. ಎಕ್ಸ್-ರೇಯನ್ನು ಚೆನ್ನಾಗಿ ತಡೆಯುತ್ತದೆ. ಹಾಗಾಗಿ ಫಿಲ್ಲಿಂಗ್ ಬೆಳ್ಳಗೆ ಕಾಣುತ್ತದೆ, ಅದರಡಿ ಹುಳುಕಿದ್ದರೆ ಕಪ್ಪಗೆ. ಬರೀ ರೆಸಿನ್ ಆಗಿದ್ದರೆ ಎರಡೂ ಕಪ್ಪೇ. ಬೇರೆ ಭಾರದ ಪುಡಿ ಹಾಕಬಹುದಲ್ವಾ ಅಂತ ಕೇಳಬಹುದು. ಬೇರಿಯಂ, ಸ್ಟ್ರಾನ್ಷಿಯಂ ಇರುವ ಗಾಜಿನ ಪುಡಿಯನ್ನೂ ಬಳಸುತ್ತಾರೆ. ಆದರೆ ಜಿರ್ಕೋನಿಯಂ ಆಕ್ಸೈಡಿನ ದಪ್ಪ ಕಣಗಳನ್ನು ಬೆರೆಸಿದರೆ ಫಿಲ್ಲಿಂಗ್ ಸುಣ್ಣ ಮೆತ್ತಿದ ಹಾಗೆ ಕಾಣುತ್ತದೆ. ಯಿಟರ್ಬಿಯಂ ಫ್ಲೋರೈಡ್ ಬೆಳಕನ್ನು ಬಗ್ಗಿಸುವ ಪ್ರಮಾಣ ಹೆಚ್ಚುಕಡಿಮೆ ರೆಸಿನ್ನಿನಷ್ಟೇ, 1.5ರ ಆಸುಪಾಸು. ಹಾಗಾಗಿ ಬೆಳಕು ಒಳಗೆ ಹಾಯುತ್ತದೆ, ಹಲ್ಲಿನ ಬಣ್ಣ ಹೊಂದುತ್ತದೆ.

ಬಾಗೇಪಲ್ಲಿ ಕಡೆಯ ರೈತರೊಬ್ಬರು ತಮ್ಮ ಎಕ್ಸ್-ರೇ ನೋಡಿ "ಒಳಗೆ ತಗಡು ಇಟ್ಟಿದಾರಾ ಡಾಕ್ಟ್ರೇ?" ಅಂದರು. ಅದು ಹಳೇ ಫಿಲ್ಲಿಂಗ್. ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಇತ್ತು. ಕಪ್ಪು ಗೆರೆಯೆಲ್ಲ ಹುಳುಕಲ್ಲ, ಅಂಟಿನ ಪದರವೂ ಹಾಗೆ ಕಾಣಬಹುದು. ಬಾಯೊಳಗೆ ನೋಡದೆ ನಾನು ತೀರ್ಮಾನ ಹೇಳುವುದಿಲ್ಲ. ಇವರದ್ದು ಹುಳುಕೇ ಆಗಿತ್ತು.

"ಹೊಸದು ಹಾಕಿದ್ರೆ ಹಲ್ಲಿನ ಈ ಕಂದು ಕಲೆ ಜಾಸ್ತಿ ಆಗಲ್ವಾ?" ಅಂತ ಕೇಳಿದರು. ಇಲ್ಲ. ಆ ಕಲೆ ಬೀಳುವುದು ದವಡೆಯೊಳಗೆ ಹಲ್ಲು ಕಟ್ಟುವಾಗ, ಹೆಚ್ಚುಕಡಿಮೆ ಎಂಟು ವರ್ಷ ವಯಸ್ಸಿನೊಳಗೆ. ಬೆಳೆದವರ ಹಲ್ಲಿಗೆ ಫಿಲ್ಲಿಂಗ್‌ನಿಂದ ಅದು ಬರುವುದಿಲ್ಲ.

ಮೊಮ್ಮಗ ಯಾವ ನೀರು ಕುಡಿಯುತ್ತಾನೆ ಅಂತ ಕೇಳಿದೆ. "ಬೋರ್ ನೀರೇ, ಕಾಯಿಸಿ ಕೊಡ್ತೀವಿ" ಅಂದರು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ. ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದಿದ್ದರೂ 1.5 ಕೊನೆಯ ಮಿತಿ. ಅವರ ಹಲ್ಲು ತುಂಬಿಸಿದೆ. ಬೋರ್ ನೀರನ್ನು ಟೆಸ್ಟ್ ಮಾಡಿಸಿ, ರಿಪೋರ್ಟ್ ಬರುವವರೆಗೆ ಮಗುವಿಗೆ ಆರ್‌ಒ ಘಟಕದ ನೀರೇ ಕೊಡಿ ಅಂತ ಚೀಟಿಯಲ್ಲಿ ಬರೆದುಕೊಟ್ಟೆ.